ಹುಳಿಯೂ ಅಳತೆಯೂ



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಇಲ್ಲವೇ ಗಡಿಭಾಗದ ಕನ್ನಡ ಶಾಲೆಗಳ ಪಾಡು ಎಂಬುದು ರೂಢಿ. ಈ ಸಲ ವಿಜ್ಞಾನ ಇರಲಿ, ಅದೂ ಕನ್ನಡದಲ್ಲೇ ಇರಲಿ ಎಂದು ದತ್ತಿಯವರು ಅಪ್ಪಣೆ ಕೊಡಿಸಿದರು. ನಾನು ದೊಡ್ಡ ವಿಷಯ ಹುಡುಕಿಕೊಂಡು ಹೋಗಲಿಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಬಗ್ಗೆ ಒಂದು ಸಣ್ಣ ಪ್ರಶ್ನೆ ಎತ್ತಿಕೊಂಡಿದ್ದೇನೆ. ಮನುಷ್ಯರ, ದನಕುರಿಗಳ ದೇಹದಲ್ಲಿ ಬದುಕುವ ಏಕಕೋಶ ಜೀವಿಗಳನ್ನು ಹೊರಗೆ ತೆಗೆದು ಗಾಜಿನ ಕೊಳವೆಯಲ್ಲಿ ಸಾಕಿದಾಗ, ಆ ದ್ರವದ ಹುಳಿ ಏರಿದರೆ ಇಳಿದರೆ ಅವುಗಳ ಗಾತ್ರಕ್ಕೆ ಏನಾಗುತ್ತದೆ?

ಹುಳಿ ಹೆಚ್ಚಾದರೆ ಜೀವಿ ಕುಗ್ಗುತ್ತದೆ ಎಂದು ಒಂದೇ ಸಾಲಿನ ಉತ್ತರ ಬರೆದು ಅಂಕ ಪಡೆದವರು ಇಲ್ಲಿ ಇರಬಹುದು. ಆ ಸಾಲಿನ ಮೇಲೆಯೇ ನನ್ನ ತಕರಾರು. ಸೂಕ್ಷ್ಮದರ್ಶಕದ ಕೆಳಗೆ "ಚಿಕ್ಕದಾಗಿದೆ" ಎಂದು ಕಾಣುವ ನೋಟದ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳು ಇರಬಹುದು. ಅವನ್ನು ಬೇರೆ ಮಾಡದೆ ಬರೆದ ಅಳತೆಯಿಂದ ಯಾರಿಗೂ ಉಪಯೋಗವಿಲ್ಲ.

ಈ ಮಾತು ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಈ ಊರುಗಳಿಗೆ ಹೊಸದೇನಲ್ಲ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ರೇಷ್ಮೆಗೆ ಹಾಕುವ ಆಮ್ಲಬಣ್ಣ ಹುಳಿ ನೀರಿನಲ್ಲಿ ಹಿಡಿಯುತ್ತದೆ. ಹತ್ತಿಗೆ ಹಾಕುವ ಬಣ್ಣಕ್ಕೆ ಸಾಮಾನ್ಯವಾಗಿ ಸೋಡಾ ಬೇಕು. ಬಣ್ಣದ ಹಂಡೆಯ ಮುಂದೆ ನಿಂತವರನ್ನು ಕೆಂಪು ಎಷ್ಟು ಗಾಢವಾಗಿ ಬರುತ್ತದೆ ಎಂದು ಕೇಳಿ ನೋಡಿ. ಯಾವ ನೂಲು, ನೀರಿಗೆ ಏನು ಹಾಕಿದ್ದೀರಿ, ಎಷ್ಟು ಹೊತ್ತು ಕುದಿಸಿದ್ದೀರಿ ಎಂದು ಅವರೇ ನಿಮ್ಮನ್ನು ಕೇಳುತ್ತಾರೆ. ಸೂಕ್ಷ್ಮದರ್ಶಕದ ಮುಂದೆ ಕೂತ ನಾವು ಅಂಥ ಪ್ರಶ್ನೆ ಕೇಳುವುದನ್ನೇ ಮರೆಯುತ್ತೇವೆ.

ಹುಳಿಯನ್ನು ಅಳೆಯುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್ 1909ರಲ್ಲಿ ಪಿ.ಎಚ್. ಮಾಪನವನ್ನು ಕೊಟ್ಟರು. 7 ಎಂದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಕೆಳಗಿಳಿದಂತೆ ಹುಳಿ, ಮೇಲೇರಿದಂತೆ ಕ್ಷಾರ. ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು, ಎರಡು ಮೆಟ್ಟಿಲು ಇಳಿದರೆ ನೂರು ಪಟ್ಟು. ನಮ್ಮ ರಕ್ತ 7.4ರ ಆಸುಪಾಸಿನಲ್ಲಿ ನಿಲ್ಲುತ್ತದೆ. 7.4ರಿಂದ 5.5ಕ್ಕೆ ಎಂದರೆ ಕಾಗದದ ಮೇಲೆ ಎರಡಕ್ಕಿಂತ ಕಡಿಮೆ ಅಂಕದ ವ್ಯತ್ಯಾಸ. ಅದರೊಳಗೆ ಈಜುವ ಜೀವಿಗೆ ಅದು ಸುಮಾರು ಎಂಬತ್ತು ಪಟ್ಟು ಹುಳಿ. ಗಾತ್ರದ ಅಳತೆ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ.

ಈಗ ಕಥೆಗೆ ಬರೋಣ. ಕಾಲಾ ಅಜಾರ್ ಎಂಬ ಜ್ವರ ಕೇಳಿದ್ದೀರಿ. ಗುಲ್ಮ ಊದಿಕೊಳ್ಳುತ್ತದೆ, ಮೈ ಕಪ್ಪಿಡುತ್ತದೆ, ಔಷಧಿ ಕೊಡದಿದ್ದರೆ ಹೆಚ್ಚಿನವರು ಉಳಿಯುವುದಿಲ್ಲ. ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಊರಿಗೆ ಊರೇ ಖಾಲಿಯಾದ ಕಾಲವಿತ್ತು. ಈ ರೋಗದ ಜೀವಿಯನ್ನು ವಿಲಿಯಂ ಲೀಶ್ಮನ್ ಕಲ್ಕತ್ತೆಯ ಬಳಿಯ ಡಂಡಂನಿಂದ ಮರಳಿದ್ದ ಸೈನಿಕನೊಬ್ಬನ ಗುಲ್ಮದಲ್ಲಿ ಕಂಡು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಅದನ್ನೇ ಕಂಡರು. ಇಬ್ಬರ ಹೆಸರನ್ನೂ ಸೇರಿಸಿ ಲೀಶ್ಮೇನಿಯ ಡೊನೊವಾನಿ ಎಂದು ನಾಮಕರಣ ಮಾಡಿದವರು ರೊನಾಲ್ಡ್ ರಾಸ್. ರೋಗಿಯ ಗುಲ್ಮದಲ್ಲಿ ಕಾಣುವುದು 2ರಿಂದ 5 ಮೈಕ್ರಾನಿನ ದುಂಡನೆಯ ಕಾಳು. ಬಾಲವಿಲ್ಲ, ಚಲನೆಯಿಲ್ಲ. ಇದು ಯಾವ ಜಾತಿಯ ಜೀವಿ ಎಂದು ಹೇಳಲು ಆ ರೂಪದಿಂದ ಸಾಧ್ಯವಿರಲಿಲ್ಲ.

1904ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸ್ ಈ ಕಾಳುಗಳನ್ನು ದೇಹದ ಹೊರಗೆ ಸಾಕಿದರು. ಗುಲ್ಮದಿಂದ ತೆಗೆದ ರಕ್ತಕ್ಕೆ ಹೆಪ್ಪುಗಟ್ಟದಂತೆ ಸಿಟ್ರೇಟ್ ಸೇರಿಸಿ, 22 ಡಿಗ್ರಿಯ ತಂಪಿನಲ್ಲಿಟ್ಟರು. ಕೆಲವು ದಿನಗಳಲ್ಲಿ ಕಾಳುಗಳು ಉದ್ದವಾದವು, ಮುಂತುದಿಯಲ್ಲಿ ಕಶಾಂಗ ಎಂಬ ಚಾಟಿಯಂಥ ಬಾಲ ಬಂತು, ಈಜತೊಡಗಿದವು. ಈ ಈಜುವ ರೂಪದ ಒಡಲೇ 10ರಿಂದ 20 ಮೈಕ್ರಾನ್ ಉದ್ದ. ಅದರ ಮೇಲೆ ಅಷ್ಟೇ ಉದ್ದದ ಕಶಾಂಗ. ಒಂದೇ ಜೀವಿ, ಒಂದೇ ಕೊಳವೆ, ಉದ್ದ ಮಾತ್ರ ನಾಲ್ಕೈದು ಪಟ್ಟು.

ರಾಜರ್ಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದರು. ದ್ರವಕ್ಕೆ ಸ್ವಲ್ಪ ಹುಳಿ ಸೇರಿಸಿದರೆ ಕಶಾಂಗದ ರೂಪ ಚೆನ್ನಾಗಿ ಬೆಳೆಯುತ್ತಿತ್ತು. ಹಾಗಾದರೆ ಈ ಜೀವಿ ಹೊರಗಡೆ ಬದುಕುವುದು ಹುಳಿ ಹೊಟ್ಟೆಯ ಕೀಟವೊಂದರಲ್ಲಿ ಇರಬೇಕು ಎಂದು ತರ್ಕಿಸಿದರು. ತಗಣೆಯ ಹೊಟ್ಟೆ ಹುಳಿ, ಬಡವರ ಮಂಚದಲ್ಲಿ ತಗಣೆ ಇದ್ದೇ ಇರುತ್ತದೆ, ಆದ್ದರಿಂದ ರೋಗ ಹರಡುವುದು ತಗಣೆ! ಮದರಾಸಿನಲ್ಲಿ ಪ್ಯಾಟನ್ ಎಂಬುವರು ವರ್ಷಗಟ್ಟಲೆ ತಗಣೆಗಳ ಹೊಟ್ಟೆ ಸೀಳಿ ನೋಡಿದರು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ವಿಜ್ಞಾನಿಗಳು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ರೋಗ ಹರಡುವುದು ಮರಳುನೊಣ ಎಂದು ಖಚಿತಪಡಿಸಿದರು. ರಾಜರ್ಸ್ ಕಂಡದ್ದು ಸುಳ್ಳಲ್ಲ, ಕಂಡದ್ದರಿಂದ ಹೊರಟ ತೀರ್ಮಾನ ತಪ್ಪಿತು. ಹುಳಿಯ ಒಂದೇ ಗುರುತು ಹಿಡಿದು ಆರೋಪಿಯನ್ನು ಹಿಡಿಯಲು ಹೋದರೆ ಹೀಗಾಗುತ್ತದೆ. ಅದೇ ರಾಜರ್ಸ್ ಮುಂದೆ 1912ರಲ್ಲಿ ಅಮೀಬ ಭೇದಿಗೆ ಎಮೆಟಿನ್ ಚುಚ್ಚುಮದ್ದು ಬಳಕೆಗೆ ತಂದು ಸಾವಿರಾರು ಜೀವ ಉಳಿಸಿದರು ಎಂಬುದನ್ನೂ ಇಲ್ಲೇ ಹೇಳಬೇಕು.

ಲೀಶ್ಮೇನಿಯಕ್ಕೆ ನಿಜವಾಗಿ ಹುಳಿ ಎದುರಾಗುವುದು ಎಲ್ಲಿ? ಮರಳುನೊಣ ರಕ್ತ ಕುಡಿದ ಕೂಡಲೇ ಅದರ ಕರುಳು ಕ್ಷಾರದ ಕಡೆಗೆ ವಾಲುತ್ತದೆ, ರಕ್ತ ಜೀರ್ಣವಾದ ಮೇಲೆ ಮತ್ತೆ ಹುಳಿಯ ಕಡೆಗೆ ತಿರುಗುತ್ತದೆ. ನೊಣ ಕಚ್ಚಿ ಜೀವಿ ನಮ್ಮೊಳಗೆ ಬಂದಾಗ, ಅದನ್ನು ನುಂಗುವ ರಕ್ಷಕಕೋಶದ ಒಳಗಿನ ಚೀಲ ಇನ್ನೂ ಹುಳಿ, ಪಿ.ಎಚ್. 5ರ ಹತ್ತಿರ. ಬೇರೆ ಬಹಳಷ್ಟು ಸೂಕ್ಷ್ಮಜೀವಿಗಳು ಅಲ್ಲಿ ಕರಗಿಹೋಗುತ್ತವೆ. ಲೀಶ್ಮೇನಿಯ ಮಾತ್ರ ಅಲ್ಲಿಯೇ ಸಂಸಾರ ಹೂಡುತ್ತದೆ. ಅದಕ್ಕೆ ಹುಳಿ ವಿಷವಲ್ಲ, ತಾನು ಎಲ್ಲಿಗೆ ಬಂದಿದ್ದೇನೆ ಎಂಬ ಸುದ್ದಿ. ತನ್ನ ಪೊರೆಯಲ್ಲಿರುವ ಪಂಪುಗಳಿಂದ ಒಳಗಿನ ಆಮ್ಲವನ್ನು ಹೊರಗೆ ತಳ್ಳುತ್ತ ಒಳಗಿನ ಪಿ.ಎಚ್. ಅನ್ನು ತಟಸ್ಥದ ಹತ್ತಿರವೇ ಇಟ್ಟುಕೊಳ್ಳುತ್ತದೆ.

ಇದನ್ನು ತಿಳಿದ ಮೇಲೆ ಪ್ರಯೋಗಾಲಯದವರು ರಕ್ಷಕಕೋಶವನ್ನೇ ಬಿಟ್ಟು, ಬರೀ ಸುದ್ದಿಯನ್ನು ಕೊಳವೆಗೆ ಕೊಟ್ಟು ನೋಡಿದರು. ಈಜುವ ಉದ್ದನೆಯ ಲೀಶ್ಮೇನಿಯ ಡೊನೊವಾನಿಯನ್ನು 37 ಡಿಗ್ರಿಯಲ್ಲಿ, 5.5 ಪಿ.ಎಚ್. ದ್ರವದಲ್ಲಿ ಇಟ್ಟರೆ ನಾಲ್ಕೈದು ದಿನಗಳಲ್ಲಿ ಅದು ಕಶಾಂಗ ಕುಗ್ಗಿಸಿಕೊಂಡು ಗುಲ್ಮದಲ್ಲಿ ಕಾಣುವಂಥ ದುಂಡು ಕಾಳಾಗುತ್ತದೆ. ಇಲ್ಲಿ ಕಾವು, ಹುಳಿ ಎರಡೂ ಬೇಕು. ತಂಪಿನಲ್ಲಿಟ್ಟು ಹುಳಿ ಮಾತ್ರ ಕೊಟ್ಟರೆ ಕೆಲಸ ಪೂರ್ಣವಾಗುವುದಿಲ್ಲ. ಲೀಶ್ಮೇನಿಯ ಮೆಕ್ಸಿಕಾನ ಎಂಬ ಅದರ ಅಮೆರಿಕದ ಸೋದರನ ಕಥೆ ಇನ್ನೂ ಸ್ವಾರಸ್ಯ. ನೊಣದೊಳಗಿನಂಥ ತಂಪಿನಲ್ಲಿ ಸಾಕುತ್ತಲೇ ಹುಳಿಯನ್ನು 5.5ಕ್ಕೆ ತಂದರೆ ಅದು ಕಾಳಾಗುವುದಿಲ್ಲ. ಒಡಲು ಗಿಡ್ಡ, ಕಶಾಂಗ ಉದ್ದ, ಓಟ ಚುರುಕು ಎಂಬಂಥ, ಮುಂದಿನ ಪ್ರಾಣಿಗೆ ಹತ್ತಲು ಸಿದ್ಧವಾದ ರೂಪ ತಾಳುತ್ತದೆ. 1993ರಲ್ಲಿ ಬೇಟ್ಸ್ ಮತ್ತು ಟೆಟ್ಲಿ ಇದನ್ನು ತೋರಿಸಿಕೊಟ್ಟರು. ಎರಡು ಕಡೆಯೂ ಒಡಲು ಚಿಕ್ಕದಾಯಿತು, ಎರಡು ಕಡೆಯೂ ಪಿ.ಎಚ್. 5.5. ಆದರೆ ಒಂದು ಮನುಷ್ಯನ ಕೋಶದೊಳಗೆ ನೆಲೆಸುವ ರೂಪ, ಇನ್ನೊಂದು ನೊಣದಿಂದ ಹೊರಡುವ ರೂಪ. ಅಳತೆಯ ಪುಸ್ತಕದಲ್ಲಿ ಮಾತ್ರ ಎರಡಕ್ಕೂ ಸಿಗುವುದು "ಕುಗ್ಗಿತು" ಎಂಬ ಒಂದೇ ಪದ.

ಹುಳಿ ಇಳಿದಾಗಲೂ ರೂಪ ಬದಲಾಗುತ್ತದೆ. ಅದು ಕಣ್ಣಿಗೆ ಬಿದ್ದ ಊರುಗಳಲ್ಲಿ ಒಂದು ನಮಗೆ ದೂರದ್ದಲ್ಲ, ನಾವೆಲ್ಲ ಹೈದರಾಬಾದಿಗೆ ಹೋಗುವಾಗ ಇಳಿಯುವ ಸಿಕಂದರಾಬಾದ್. ಆಗ ನಾರಾಯಣಪೇಟೆ, ಮಕ್ತಲ್ ನಿಜಾಮರ ಸೀಮೆ, ಗದ್ವಾಲ ನಿಜಾಮರ ಕೈಕೆಳಗಿನ ಸಂಸ್ಥಾನ. ಸಿಕಂದರಾಬಾದ್ ಬ್ರಿಟಿಷರ ದಂಡು. ಅಲ್ಲಿ ಸೇನಾವೈದ್ಯರಾಗಿದ್ದ ರೊನಾಲ್ಡ್ ರಾಸ್ 1895ರಲ್ಲಿ ಮಲೇರಿಯ ರೋಗಿಗಳ ಮೇಲೆ ಸೊಳ್ಳೆ ಬಿಟ್ಟು, ರಕ್ತ ಕುಡಿಸಿ, ಸೊಳ್ಳೆಯ ಹೊಟ್ಟೆ ತೆರೆದು ನೋಡುತ್ತಿದ್ದರು. ಮನುಷ್ಯನ ರಕ್ತದಲ್ಲಿ ಅರ್ಧಚಂದ್ರಾಕಾರದಲ್ಲಿದ್ದ ಪರಾವಲಂಬಿ ಸೊಳ್ಳೆಯ ಹೊಟ್ಟೆ ಸೇರಿದ ಕೆಲವೇ ನಿಮಿಷಗಳಲ್ಲಿ ದುಂಡಗಾಗುತ್ತಿತ್ತು. ಅವುಗಳಲ್ಲಿ ಕೆಲವು ಉದ್ದನೆಯ ಎಳೆಗಳನ್ನು ಹೊರಚಾಚಿ ಬೀಸುತ್ತಿದ್ದವು. ಗಾಜಿನ ಮೇಲೆ ರಕ್ತದ ಹನಿಯನ್ನು ಗಾಳಿಗೆ ತೆರೆದಿಟ್ಟರೂ ಹೀಗೇ ಆಗುತ್ತಿತ್ತು. ಅದು ಸಾಯುವಾಗಿನ ಒದ್ದಾಟ ಎಂದು ಹಲವರು ತಳ್ಳಿಹಾಕಿದ್ದರು. ಅದೇ ವರ್ಷ ಸರ್ಕಾರ ರಾಸ್ ಅವರನ್ನು ಕಾಲರಾ ಕೆಲಸಕ್ಕೆ ಬೆಂಗಳೂರಿಗೆ ಕಳಿಸಿತು. ಮರಳಿ ಬಂದು 1897ರ ಆಗಸ್ಟ್ 20ರಂದು ಬೇಗಂಪೇಟೆಯಲ್ಲಿ ಅವರು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಬೆಳೆಯುತ್ತಿದ್ದ ಮಲೇರಿಯ ಜೀವಿಯನ್ನು ಕಂಡದ್ದು, 1902ರಲ್ಲಿ ನೊಬೆಲ್ ಬಂದದ್ದು ನಿಮಗೆ ಗೊತ್ತೇ ಇದೆ.

ಅರ್ಧಚಂದ್ರ ದುಂಡಗಾಗುವುದು ಏಕೆ? ರಕ್ತ ದೇಹದಿಂದ ಹೊರಬಂದೊಡನೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅದರೊಂದಿಗೆ ರಕ್ತದ ಹುಳಿ ಇಳಿದು ಪಿ.ಎಚ್. 8ರ ಕಡೆಗೆ ಏರುತ್ತದೆ. ಕಾವೂ ಕೆಲವು ಡಿಗ್ರಿ ಇಳಿಯುತ್ತದೆ. ಇವೆರಡರ ಜೊತೆಗೆ ಸೊಳ್ಳೆಯಲ್ಲೇ ಇರುವ ಜ್ಯಾಂಥುರೆನಿಕ್ ಆಮ್ಲ ಮೂರನೆಯ ಸಂಜ್ಞೆ ಎಂದು 1998ರಲ್ಲಿ ಗೊತ್ತಾಯಿತು. ಹೆಸರಿನಲ್ಲಿ ಆಮ್ಲ ಇದೆ ಎಂದ ಮಾತ್ರಕ್ಕೆ ಅದು ರಕ್ತವನ್ನು ಹುಳಿ ಮಾಡುವುದಿಲ್ಲ, ಅದರ ಪ್ರಮಾಣ ಅಷ್ಟು ಅಲ್ಪ. ರಾಸ್ ನೋಡುತ್ತಿದ್ದ ಕಾಲಕ್ಕೆ ಪಿ.ಎಚ್. ಎಂಬ ಮಾಪನವೇ ಹುಟ್ಟಿರಲಿಲ್ಲ. ಇವತ್ತಿನ ಲ್ಯಾಬಿನಲ್ಲಿ ಅದು ಇದ್ದೂ ಬರೆದಿಡದವರಿಗೆ ಆ ವಿನಾಯಿತಿ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ರೂಪಾಂತರದ ಮಾತು. ರೂಪಾಂತರವಿಲ್ಲದೆ, ಇದ್ದ ರೂಪದಲ್ಲೇ ಕೋಶ ದೊಡ್ಡದು ಚಿಕ್ಕದು ಆಗುವುದೂ ಉಂಟು. ಅಲ್ಲಿ ಲೆಕ್ಕ ಇನ್ನೂ ಗೋಜಲು.

ಏಕಕೋಶ ಜೀವಿ ತಿನ್ನುತ್ತದೆ, ಬೆಳೆಯುತ್ತದೆ, ಒಂದು ಹಂತಕ್ಕೆ ಬಂದಾಗ ಎರಡಾಗುತ್ತದೆ. ಒಂದು ಗಳಿಗೆಯಲ್ಲಿ ಕಾಣುವ ಗಾತ್ರ ಬೆಳವಣಿಗೆಯ ವೇಗಕ್ಕೂ ಒಡೆಯುವ ವೇಗಕ್ಕೂ ನಡುವಣ ಒಪ್ಪಂದ. ಹುಳಿಯಿಂದ ತಿನ್ನುವುದು ಕುಂಠಿತವಾಗಿ ಒಡೆಯುವುದು ನಡೆದೇ ಇದ್ದರೆ ಕೋಶಗಳು ಚಿಕ್ಕದಾಗುತ್ತವೆ. ಒಡೆಯುವುದು ನಿಂತು ತಿನ್ನುವುದು ನಡೆದರೆ ಅದೇ ಹುಳಿಯಲ್ಲಿ ಕೋಶಗಳು ದೊಡ್ಡದಾಗುತ್ತವೆ. ಹುಳಿ ಮಿತಿ ಮೀರಿ ಪೊರೆಯ ಪಂಪುಗಳು ಸೋತರೆ ನೀರು ಒಳನುಗ್ಗಿ ಕೋಶ ಉಬ್ಬಿ ಬಿರಿಯುತ್ತದೆ. ಸಾಯುವ ಮುಂಚಿನ ಆ ಉಬ್ಬರವನ್ನು ಅಳೆದು, ಹುಳಿಯಿಂದ ಜೀವಿ ಪುಷ್ಟವಾಯಿತು ಎಂದು ಬರೆಯುವವರೂ ಸಿಕ್ಕಾರು.

ಆಮೇಲೆ, ಹುಳಿ ಎಂದರೆ ಯಾವ ಹುಳಿ? ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿ.ಎಚ್. ಅನ್ನು 5.5ಕ್ಕೆ ಇಳಿಸಬಹುದು, ಅಸಿಟಿಕ್ ಆಮ್ಲ ಹಾಕಿಯೂ ಇಳಿಸಬಹುದು. ಮೀಟರಿನಲ್ಲಿ ಎರಡೂ ಒಂದೇ ಅಂಕ ತೋರಿಸುತ್ತವೆ. ಆದರೆ ಅಸಿಟಿಕ್‌ನಂಥ ದುರ್ಬಲ ಆಮ್ಲದ ಒಂದು ಪಾಲು ಒಡೆಯದೆ ಇಡಿಯಾಗಿ ಉಳಿದು, ಪೊರೆಯನ್ನು ದಾಟಿ ಒಳಗೆ ಹೋಗಿ, ಅಲ್ಲಿ ಆಮ್ಲವನ್ನು ಬಿಡುತ್ತದೆ. ಹೊರಗಿನ ಹುಳಿಯನ್ನು ಬಾಗಿಲಲ್ಲೇ ತಡೆಯುವ ಜೀವಿಗೂ ಹೀಗೆ ಒಳನುಸುಳಿದ ಹುಳಿ ಭಾರವಾಗುತ್ತದೆ. ಹುಳಿ ಜಾಸ್ತಿಯಾಯಿತೆಂದು ಸೋಡಾ ಹಾಕಿ ಸರಿಮಾಡಲು ಹೋದರೆ ದ್ರವದಲ್ಲಿ ಉಪ್ಪಿನಂಶ ಏರುತ್ತದೆ. ಉಪ್ಪು ಏರಿದರೆ ಕೋಶದ ನೀರು ಹೊರಬಂದು ಅದು ಕುಗ್ಗುತ್ತದೆ. ಆಗ ಕುಗ್ಗಿಸಿದ್ದು ಹುಳಿಯೋ ಉಪ್ಪೋ?

ಎಲ್ಲಕ್ಕಿಂತ ದೊಡ್ಡ ತೊಡಕು ಎಂದರೆ ಹುಳಿಯನ್ನು ಜೀವಿಗಳೇ ತಯಾರಿಸುವುದು. ಟ್ರೈಕೊಮೊನಾಸ್ ಎಂಬ ಕಶಾಂಗಿ ಹೆಂಗಸರಿಗೆ ಬಿಳಿಸೆರಗು, ತುರಿಕೆ ತರುತ್ತದೆ. ಅದರ ಒಡಲು ಸುಮಾರು 10 ಮೈಕ್ರಾನ್ ಉದ್ದ. ಆರೋಗ್ಯವಂತ ಹೆಣ್ಣಿನ ಯೋನಿಯ ಪಿ.ಎಚ್. 3.8ರಿಂದ 4.5, ಈ ಜೀವಿಗೆ ಹಿತವಾದದ್ದು 6ರ ಸುತ್ತಮುತ್ತ. ಹಾಗಾಗಿ ವೈದ್ಯರು ಪಿ.ಎಚ್. ಕಾಗದ ಒತ್ತಿ ನೋಡಿದಾಗ 4.5ಕ್ಕಿಂತ ಮೇಲಿದ್ದರೆ ಇದರ ಸಂಶಯ ಬರುತ್ತದೆ. ಕೊಳವೆಯಲ್ಲಿ ಸಾಕಿದಾಗ ಇದು ಸಕ್ಕರೆ ತಿಂದು ಲ್ಯಾಕ್ಟಿಕ್, ಅಸಿಟಿಕ್ ಆಮ್ಲಗಳನ್ನು ಬಿಡುತ್ತದೆ. ದಿನ ಕಳೆದಂತೆ ತನ್ನ ಮನೆಯನ್ನು ತಾನೇ ಹುಳಿ ಮಾಡಿಕೊಂಡು, ತಾಳಲಾಗದಾಗ ಕಶಾಂಗಗಳನ್ನು ಒಳಗೆಳೆದುಕೊಂಡು ಉಂಡೆಯಾಗುತ್ತದೆ. ಆ ಹೊತ್ತಿಗೆ ಸಕ್ಕರೆಯೂ ಮುಗಿದಿರುತ್ತದೆ, ಕಸವೂ ತುಂಬಿರುತ್ತದೆ. ಉಂಡೆಯಾದದ್ದು ಹುಳಿಗೋ ಹಸಿವಿಗೋ ಎಂದು ತಿಳಿಯಬೇಕಾದರೆ ಹುಳಿಯನ್ನು ಬಫರಿನಿಂದ ಒಂದೇ ಮಟ್ಟದಲ್ಲಿ ಹಿಡಿದಿಟ್ಟ ಇನ್ನೊಂದು ಕೊಳವೆ ಪಕ್ಕದಲ್ಲಿ ಇರಲೇಬೇಕು.

ಅಮೀಬ ಭೇದಿಯ ಜೀವಿ ಎಂಟಮೀಬ ಹಿಸ್ಟೊಲಿಟಿಕದ ಚರಿತ್ರೆ ಗಾತ್ರದ ಮೇಲೆ ನಂಬಿಕೆ ಇಟ್ಟವರಿಗೆ ಒಳ್ಳೆಯ ಪಾಠ. 1925ರ ಸುಮಾರಿಗೆ ಬೋಕ್ ಮತ್ತು ಡ್ರಬೊಹ್ಲಾವ್ ಇದನ್ನು ಕೊಳವೆಯಲ್ಲಿ ಬೆಳೆಸಿದರು. ಮರುವರ್ಷ ಡೊಬೆಲ್ ಮತ್ತು ಲೇಡ್ಲಾ ಅದಕ್ಕೆ ಅಕ್ಕಿಯ ಪಿಷ್ಟ ಹಾಕಿ ಇನ್ನೂ ಹುಲುಸಾಗಿ ಬೆಳೆಸಿದರು. ಬ್ಯಾಕ್ಟೀರಿಯದ ಸಹವಾಸವಿಲ್ಲದೆ ಬೆಳೆಸಲು 1961ರಲ್ಲಿ ಡೈಮಂಡ್ ಬರಬೇಕಾಯಿತು. ಪಿಷ್ಟ ನುಂಗಿದ ಅಮೀಬ ದಪ್ಪ, ನುಂಗದ್ದು ಸಣಕಲು. ರೋಗಿಯ ಮಲದಲ್ಲಿ ಕೆಂಪು ರಕ್ತಕಣ ನುಂಗಿದ್ದು ಇನ್ನೂ ದೊಡ್ಡದು. 10ರಿಂದ 60 ಮೈಕ್ರಾನ್ ವರೆಗೆ ಎಲ್ಲ ಅಳತೆಯವೂ ಒಂದೇ ಜಾತಿಯಲ್ಲಿ ಸಿಗುತ್ತವೆ.

ಇದರ ಸಿಸ್ಟುಗಳಲ್ಲಿ, ಅಂದರೆ ಗಟ್ಟಿ ಕವಚ ಹೊದ್ದ ರೂಪದಲ್ಲಿ, ದೊಡ್ಡ ತಳಿ, ಸಣ್ಣ ತಳಿ ಎಂದು ದಶಕಗಟ್ಟಲೆ ಜಗಳ ನಡೆಯಿತು. 10 ಮೈಕ್ರಾನಿಗಿಂತ ಚಿಕ್ಕವು ರೋಗ ತರದ ಎಂಟಮೀಬ ಹಾರ್ಟ್‌ಮನಿ ಎಂದು ಕೊನೆಗೆ ತೀರ್ಮಾನವಾಯಿತು, ಆ ಗೆರೆ ಬಹುಮಟ್ಟಿಗೆ ಇವತ್ತಿಗೂ ಸರಿ. ಆದರೆ ಗಾತ್ರದಲ್ಲಿ ಹಿಸ್ಟೊಲಿಟಿಕದಂತೆಯೇ ಇರುವ, ರೋಗ ತರದ ಇನ್ನೊಂದು ಜಾತಿ ಇದೆ ಎಂದು 1925ರಲ್ಲೇ ಫ್ರಾನ್ಸಿನ ಬ್ರುಂಪ್ಟ್ ಹೇಳಿ, ಅದಕ್ಕೆ ಎಂಟಮೀಬ ಡಿಸ್ಪಾರ್ ಎಂದು ಹೆಸರಿಟ್ಟರು. ಸ್ಲೈಡಿನಲ್ಲಿ ಬೇರೆ ಕಾಣದ್ದನ್ನು ಬೇರೆ ಎಂದು ಒಪ್ಪಲು ಲೋಕ ಸಿದ್ಧವಿರಲಿಲ್ಲ. 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಅಧಿಕೃತವಾಗಿ ಬೇರ್ಪಡಿಸುವ ತನಕ ಬ್ರುಂಪ್ಟ್ ಮಾತು ಮೂಲೆಯಲ್ಲಿತ್ತು. ಗಾತ್ರ ಒಂದು ಜಗಳವನ್ನು ತೀರಿಸಿತು, ಇನ್ನೊಂದನ್ನು ಏಳು ದಶಕ ಮುಚ್ಚಿಟ್ಟಿತು. ಸ್ಲೈಡ್ ಮಾಡುವ ರೀತಿಯೂ ಗಾತ್ರಕ್ಕೆ ಕೈ ಹಾಕುತ್ತದೆ. ಬಣ್ಣ ಹಾಕಿ ಶಾಶ್ವತ ಸ್ಲೈಡ್ ಮಾಡಿದಾಗ ಸಿಸ್ಟು ಒಂದು, ಒಂದೂವರೆ ಮೈಕ್ರಾನ್ ಕುಗ್ಗುತ್ತದೆ. 10ರ ಗೆರೆಯ ಮೇಲೆ ನಿಂತ ಸಿಸ್ಟಿಗೆ ಜಾತಿ ಬದಲಾಗಲು ಅಷ್ಟು ಸಾಕು.

ಈಗ ಲ್ಯಾಬ್ ಬಿಟ್ಟು ಕುರಿಹಟ್ಟಿಗೆ ಬರೋಣ. ಇಲ್ಲಿ ಹೇಳುವ ಜೀವಿಗಳು ಪರಾವಲಂಬಿಗಳಲ್ಲ, ಕುರಿಯೊಂದಿಗೆ ಕೂಡಿ ಬಾಳುವಂಥವು. ಆದರೂ ನನ್ನ ವಾದದ ಬಹುಮುಖ್ಯ ಸಾಕ್ಷಿ ಅವೇ.

ಕೃಷ್ಣೆಯ ಈ ದಂಡೆಯಲ್ಲಿ ಕುರಿ ಎಂದರೆ ದಖನಿ ಕುರಿ, ಮೇವು ಎಂದರೆ ಕೊಯ್ಲಾದ ಹೊಲದ ಕೂಳೆ, ಬಂಜರಿನ ಹುಲ್ಲು. ಕುರಿಯ ಮೊದಲ ಹೊಟ್ಟೆ, ರೂಮೆನ್, 39 ಡಿಗ್ರಿ ಕಾವಿನ ಒಂದು ಸಾಕಣೆ ಪಾತ್ರೆಯೇ. ಅಲ್ಲಿನ ಪಿ.ಎಚ್. 6ರಿಂದ 7. ಅದರ ರಸದ ಒಂದು ಮಿಲಿಲೀಟರಿನಲ್ಲಿ ಲಕ್ಷದಿಂದ ಹತ್ತು ಲಕ್ಷ ಏಕಕೋಶ ಜೀವಿಗಳು ಇರುತ್ತವೆ. 1843ರಲ್ಲಿ ಪ್ಯಾರಿಸಿನಲ್ಲಿ ಗ್ರೂಬಿ ಮತ್ತು ಡೆಲಾಫಾಂಡ್ ಇವನ್ನು ವರ್ಣಿಸಿದರು. 1940ರ ದಶಕದಲ್ಲಿ ಅಮೆರಿಕದ ಹಂಗೇಟ್ ಇವುಗಳಲ್ಲಿ ನಾರು ಜೀರ್ಣಿಸುವ ಕೆಲವನ್ನು ಕೊಳವೆಯಲ್ಲಿ ಸಾಕಿದರು.

ಆ ರಸವನ್ನು ಒಮ್ಮೆ ನೋಡಬೇಕು. ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ ಇಟ್ಟು, ಚಿಕ್ಕ ವರ್ಧನೆಯಲ್ಲಿ ನೋಡಿದರೂ ಸಾಕು. ಹಸಿರು ಮಿಶ್ರಿತ ಕಂದು ದ್ರವದಲ್ಲಿ ಹುಲ್ಲಿನ ಚೂರುಗಳ ನಡುವೆ ಮೈತುಂಬ ರೋಮವಿರುವ ಐಸೊಟ್ರಿಕ ಸುರುಳಿ ಸುತ್ತುತ್ತ ಬರುತ್ತದೆ. 100 ಮೈಕ್ರಾನಿಗೂ ಮೀರಿ ಬೆಳೆಯುವ ಜೀವಿ ಅದು. ಅದರ ದಾರಿಗೆ ಅಡ್ಡ ಸಿಕ್ಕ ಚಿಕ್ಕ ಎಂಟೊಡಿನಿಯಮ್‌ಗಳು, ಬಹಳಷ್ಟು 30-40 ಮೈಕ್ರಾನಿನವು, ಬಾಯಿಯ ಕಡೆ ಮಾತ್ರ ರೋಮದ ಗುಚ್ಛ ಇಟ್ಟುಕೊಂಡು ತಟಪಟ ಎಂದು ಓಡಾಡುತ್ತವೆ. ಒಂದು ತೊಟ್ಟು ಅಯೋಡಿನ್ ಬಿಟ್ಟರೆ ಎಲ್ಲವೂ ನಿಲ್ಲುತ್ತವೆ. ಕಾಳು ತಿಂದ ಕುರಿಯದಾದರೆ ಎಂಟೊಡಿನಿಯಮ್‌ಗಳ ಹೊಟ್ಟೆಯಲ್ಲಿ ನುಂಗಿದ ಪಿಷ್ಟ ಕಡು ನೀಲಿಯಾಗಿ ಕಾಣುತ್ತದೆ. ಕರಗುವ ಸಕ್ಕರೆ ಮಿತಿಮೀರಿ ಸಿಕ್ಕರೆ ಐಸೊಟ್ರಿಕ ಅದನ್ನೆಲ್ಲ ಒಳಗೆ ಶೇಖರಿಸುತ್ತ ಹೋಗಿ ಕೊನೆಗೆ ಬಿರಿದೇ ಹೋಗುತ್ತದೆ. ಸಾಕು ಎಂದು ನಿಲ್ಲಿಸುವುದು ಅದಕ್ಕೆ ಗೊತ್ತಿಲ್ಲ.

ಕುರಿ ಕಾಯುವವರಿಗೆ ಗೊತ್ತಿರುವ ಒಂದು ಅನಾಹುತ ಇದೆ. ರಾಶಿ ಮಾಡುವ ಕಣಕ್ಕೆ ಕುರಿ ನುಗ್ಗಿ ಜೋಳ ಹೊಟ್ಟೆತುಂಬ ತಿನ್ನುತ್ತದೆ, ಇಲ್ಲವೆ ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪಾಪ ತಿನ್ನಲಿ ಎಂದು ಎಮ್ಮೆಗೆ ಸುರಿಯುತ್ತಾರೆ. ಮರುದಿನಕ್ಕೆ ಪ್ರಾಣಿ ಮೆಲುಕು ಬಿಟ್ಟಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ, ಹುಳಿ ನಾತದ ತೆಳುವಾದ ಹಿಕ್ಕೆ ಹಾಕುತ್ತದೆ, ಮಲಗಿದ್ದು ಏಳುವುದಿಲ್ಲ. ಪಿಷ್ಟ ಸಿಕ್ಕ ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲ ಸುರಿಸಿ ರೂಮೆನ್ನಿನ ಪಿ.ಎಚ್. ಅನ್ನು 5ಕ್ಕೂ ಕೆಳಗೆ ಇಳಿಸಿರುತ್ತವೆ. ಪಶುವೈದ್ಯರು ಹೊಟ್ಟೆಗೆ ಕೊಳವೆ ಇಳಿಸಿ ರಸ ತೆಗೆದು, ಪಿ.ಎಚ್. ಕಾಗದ ಅದ್ದಿ, ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಆರಂಭದಲ್ಲಿದ್ದರೆ ದೊಡ್ಡ ಜೀವಿಗಳು ಕಾಣುವುದಿಲ್ಲ, ಚಿಕ್ಕವು ಓಡಾಡುತ್ತಿರುತ್ತವೆ. ಇನ್ನೂ ಮುಂದೆ ಹೋದರೆ ಒಂದೂ ಇರುವುದಿಲ್ಲ. ಹುಳಿಗೆ ದೊಡ್ಡವು ಮೊದಲು ಸಾಯುತ್ತವೆ, ಮಧ್ಯಮದವು ಆಮೇಲೆ, ಚಿಕ್ಕವು ಕೊನೆಗೆ. ಆರೋಗ್ಯವಾಗಿರುವ ಪ್ರಾಣಿಯ ರೂಮೆನ್ ರಸವನ್ನು ತಂದು ಕುಡಿಸಿ ಈ ಜೀವಿಗಳನ್ನು ಮತ್ತೆ ನೆಲೆಗೊಳಿಸುವುದು ಚಿಕಿತ್ಸೆಯ ಒಂದು ಭಾಗ.

ಈಗ ಅಂಕಗಣಿತ ಮಾಡಿ ನೋಡಿ. ನಿನ್ನೆಯ ರಸದಲ್ಲಿ ನೂರು ಜೀವಿಗಳನ್ನು ಅಳೆದು ಸರಾಸರಿ ತೆಗೆಯಿರಿ, ಇವತ್ತಿನ ಹುಳಿ ರಸದಲ್ಲೂ ನೂರು ಅಳೆದು ತೆಗೆಯಿರಿ. ಸರಾಸರಿ ಧಡಕ್ಕನೆ ಇಳಿದಿರುತ್ತದೆ. ಆದರೆ ಒಂದೇ ಒಂದು ಜೀವಿಯೂ ಕುಗ್ಗಿಲ್ಲ. ದೊಡ್ಡವರು ಸತ್ತರು, ಚಿಕ್ಕವರು ಉಳಿದರು, ಅಷ್ಟೇ. ಒಂದೇ ಜಾತಿಯ ಕಲ್ಚರಿನಲ್ಲೂ ದೊಡ್ಡ ಕೋಶಗಳು ಚಿಕ್ಕವಕ್ಕಿಂತ ಬೇಗ ಸಾಯುವುದಾದರೆ ಇದೇ ಮೋಸ ನಡೆಯುತ್ತದೆ. ಸರಾಸರಿ ಮಾತ್ರ ಬರೆದ ಪುಟ ಓದಿದರೆ ಇದು ಎಂದಿಗೂ ಗೊತ್ತಾಗದು. ಎಷ್ಟು ಅಳತೆಯವು ಎಷ್ಟು ಇದ್ದವು, ಒಟ್ಟು ಎಷ್ಟು ಉಳಿದವು ಎಂಬ ಪಟ್ಟಿ ಪಕ್ಕದಲ್ಲಿ ಬೇಕು. ಆಮ್ಲೀಯತೆ ಮತ್ತು ಗಾತ್ರದ ಬಗ್ಗೆ ನನ್ನ ಒಟ್ಟು ಅಭಿಪ್ರಾಯ ಇದೇ ಸಾಕ್ಷಿಯ ಮೇಲೆ ನಿಂತಿದೆ. ಕೋಶ ಕುಗ್ಗಿತೋ, ರೂಪ ಬದಲಾಯಿತೋ, ದೊಡ್ಡವು ಸತ್ತವೋ ಎಂದು ಹೇಳದ ತನಕ "ಚಿಕ್ಕದಾಯಿತು" ಎಂಬ ಮಾತನ್ನು ಫಲಿತಾಂಶ ಎಂದು ಒಪ್ಪಬಾರದು.

ಹಿಂದಿನ ಸಾಲಿನಲ್ಲಿ ಕುಳಿತಿರುವ ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಕೊನೆಯ ಮಾತುಗಳು. ಲೀಶ್ಮೇನಿಯವನ್ನೋ ಅಮೀಬವನ್ನೋ ಕಾಲೇಜಿನಲ್ಲಿ ಸಾಕಲು ಆಗುವುದಿಲ್ಲ, ಸಾಕಲೂ ಬಾರದು. ಅದಕ್ಕೆ ಬೇಕಾದ ಸುರಕ್ಷಿತ ಕೋಣೆ, ತರಬೇತಿ ನಿಮ್ಮಲ್ಲಿ ಇಲ್ಲ. ಆದರೆ ರೂಮೆನ್ ರಸ ಕುರಿ ಕೊಯ್ಯುವ ಕಡೆ ದುಡ್ಡಿಲ್ಲದೆ ಸಿಗುತ್ತದೆ. ಇಂಥ ರೋಮವಿರುವ ಏಕಕೋಶ ಜೀವಿಗಳಾದ ಸಿಲಿಯೇಟುಗಳ ಕೋಶಕೇಂದ್ರದ ಮೇಲೆ ಹೆಸರಾಂತ ಕೆಲಸ ಮಾಡಿದ ಬಿ.ಆರ್. ಶೇಷಾಚಾರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದವರು. ಏಕಕೋಶ ಜೀವಿಗಳ ಅಧ್ಯಯನ ನಮ್ಮ ಕಡೆಯ ಕಾಲೇಜುಗಳಿಗೆ ನಿಲುಕದ್ದೇನಲ್ಲ.

ಕೈಗವಸು ಹಾಕಿಕೊಳ್ಳಿ. ಬಿಸಿನೀರಿನಿಂದ ತೊಳೆದ ಥರ್ಮಾಸಿನಲ್ಲಿ ರಸವನ್ನು ಬಾಯಿಮಟ್ಟ ತುಂಬಿ ತನ್ನಿ, ಗಾಳಿ ಸೇರಿದರೆ ಈ ಜೀವಿಗಳು ಉಳಿಯುವುದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿ ನಾಲ್ಕು ಸೀಸೆಗಳಿಗೆ ಹಂಚಿ, 39 ಡಿಗ್ರಿ ಬಿಸಿನೀರಿನಲ್ಲಿ ಇಡಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಜೋಳದ ಹಿಟ್ಟು, ಮೂರನೆಯದಕ್ಕೆ ಹಿಟ್ಟು ಮತ್ತು ಅಡುಗೆ ಸೋಡಾ, ನಾಲ್ಕನೆಯದಕ್ಕೆ ಸೋಡಾ ಮಾತ್ರ. ಗಂಟೆಗೊಮ್ಮೆ ಪಿ.ಎಚ್. ನೋಡಿ, ಒಂದು ಹನಿಯನ್ನು ಫಾರ್ಮಲಿನ್‌ನಲ್ಲಿ ಹಿಡಿದಿಡಿ, ಐಪೀಸ್ ಮೈಕ್ರೊಮೀಟರಿನಿಂದ ಅಳೆಯಿರಿ. ಫಾರ್ಮಲಿನ್ನೂ ಕೋಶವನ್ನು ಕುಗ್ಗಿಸುತ್ತದೆ, ಆದ್ದರಿಂದ ಎಲ್ಲ ಹನಿಗಳಿಗೂ ಒಂದೇ ಪ್ರಮಾಣ, ಒಂದೇ ಅವಧಿ ಇರಲಿ. ಐಸೊಟ್ರಿಕದ ಅಳತೆ ಬೇರೆ ಪುಟದಲ್ಲಿ, ಎಂಟೊಡಿನಿಯಮ್‌ದು ಬೇರೆ ಪುಟದಲ್ಲಿ ಬರೆಯಿರಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ.

ನಿಮ್ಮ ಅಂಕಿಗಳು ನಾನು ಇಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ ಬಂದರೆ ಅವನ್ನೇ ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಪ್ರತಿ ಅಳತೆಯ ಪಕ್ಕ ಪಿ.ಎಚ್. ಮತ್ತು ಯಾವ ಆಮ್ಲ ಎಂಬುದನ್ನು ನಮೂದಿಸಿ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ನಿಮ್ಮಲ್ಲೊಬ್ಬರನ್ನು ಕರೆಯಬೇಕೆಂದು ದತ್ತಿಯವರಲ್ಲಿ ನನ್ನ ಮನವಿ.